‘ಬುಧವಾರ ಬೇಡ’ ಎಂದವನೇ ಬುಧವಾರವೆಂದ

ಪ್ರಶ್ನೆ: ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ಈಚೆಗೆ ಮತ್ತೆ ಓದಿದೆ. ಪ್ರೇಮಿಗಳ ಸಾವಿಗೆ ಎಲ್ಲರೂ ವಿಧಿಯನ್ನು ದೂರುತ್ತಾರೆ. ನನಗೋ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ನೆನಪಾಯಿತು. ಹದಿಹರೆಯದ ಇಬ್ಬರು ದುಡುಕಿ ಸತ್ತದ್ದನ್ನು ದುರಂತ ನಾಟಕವೆಂದು ಕರೆಯುವುದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಾದೆಯೇನೋ ಸರಿಯಾಗಿಯೇ ನೆನಪಾಗಿದೆ, ಆದರೆ ಅದನ್ನು ಆ ಇಬ್ಬರ ತಲೆಗೆ ಮಾತ್ರ ಕಟ್ಟಿದರೆ ಹಿರಿಯರು ಸುಲಭವಾಗಿ ಪಾರಾಗಿಬಿಡುತ್ತಾರೆ.

ಮೊದಲು ದಿನಗಳ ಲೆಕ್ಕ ನೋಡಿ. ಭಾನುವಾರ ಬೆಳಿಗ್ಗೆ ಇಟಲಿಯ ವೆರೋನಾದ ಬೀದಿಯಲ್ಲಿ ರೋಮಿಯೋ, ಜೂಲಿಯೆಟ್‌ರ ಹಗೆಯ ಎರಡು ಮನೆತನಗಳ ಹೊಡೆದಾಟ, ಅದೇ ರಾತ್ರಿ ಔತಣದಲ್ಲಿ ಇವರಿಬ್ಬರ ಭೇಟಿ, ಸೋಮವಾರ ಮಧ್ಯಾಹ್ನ ಗುಟ್ಟಿನ ಮದುವೆ, ಅದಾಗಿ ಒಂದು ಗಂಟೆಯೊಳಗೆ ರೋಮಿಯೋ ಕೈಯಲ್ಲಿ ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್‌ನ ಕೊಲೆ, ಅದರ ಬೆನ್ನಿಗೇ ರೋಮಿಯೋಗೆ ಗಡಿಪಾರು; ಗುರುವಾರದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಬ್ಬರೂ ಹೆಣ. ಶೇಕ್ಸ್‌ಪಿಯರ್ ಮುಂದಿಟ್ಟುಕೊಂಡ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ ಇದೇ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಅಲ್ಲಿನ ಜೂಲಿಯೆಟ್‌ಗೆ ಹದಿನಾರರ ಸಮೀಪದ ವಯಸ್ಸು. ನಾಟಕಕಾರ ಅವಳನ್ನು ಹದಿನಾಲ್ಕೂ ತುಂಬದ ಹುಡುಗಿಯನ್ನಾಗಿಸಿ, ತಿಂಗಳುಗಳನ್ನು ಐದು ದಿನಗಳಿಗೆ ಇಳಿಸಿದ. ಆದ್ದರಿಂದ ಅವಸರವೆಂಬುದು ಈ ನಾಟಕದಲ್ಲಿ ಕೇವಲ ಪಾತ್ರಗಳ ದೋಷವಲ್ಲ, ಅದು ಬೇಕೆಂದೇ ಹೆಣೆದ ಕಟ್ಟು.

ಇನ್ನು ಜೂಲಿಯೆಟ್‌ಳ ತಂದೆಯ ವಿಚಾರ. ನನ್ನ ಮಟ್ಟಿಗೆ ಇಡೀ ನಾಟಕದಲ್ಲಿ ಅತ್ಯಂತ ದುಬಾರಿಯಾದ ದುಡುಕು ಅವನದೇ. ಮಗಳನ್ನು ಕೇಳಿಬಂದ ಪ್ಯಾರಿಸ್ ಎಂಬ ವರನಿಗೆ ಭಾನುವಾರ ಅವನು ಹೇಳಿದ್ದು ಇನ್ನೆರಡು ಬೇಸಿಗೆ ಕಳೆಯಲಿ ಎಂದು. ಸೋಮವಾರ ರಾತ್ರಿ ಮಗಳನ್ನು ಒಂದು ಮಾತೂ ಕೇಳದೆ ಮದುವೆಯನ್ನು ನಿಶ್ಚಯಿಸುತ್ತಾನೆ. ಆಗ ‘ಇವತ್ತು ಯಾವ ವಾರ?’ ಎಂದು ವಿಚಾರಿಸಿ, ಬುಧವಾರವೆಂದರೆ ತೀರಾ ಅವಸರವಾಯಿತು, ಗುರುವಾರ ಇರಲಿ ಎನ್ನುವವನೂ ಅವನೇ. ಮಂಗಳವಾರ, ಈ ಮದುವೆ ಒಲ್ಲೆನೆಂದಿದ್ದ ಮಗಳು ಬಂದು ಮೊಣಕಾಲೂರಿ ಕ್ಷಮೆ ಕೇಳಿದಳೆಂಬ ಹಿಗ್ಗಿನಲ್ಲಿ ಮದುವೆಯನ್ನು ಮಾರನೆಯ ಬೆಳಿಗ್ಗೆಯೇ, ಅಂದರೆ ಬುಧವಾರವೇ, ಮುಗಿಸಿಬಿಡೋಣ ಎನ್ನುತ್ತಾನೆ. ಕತ್ತಲಾಗುತ್ತಾ ಬಂತು, ಸಾಮಾನು ಸಾಲದು, ಗುರುವಾರಕ್ಕೇ ಇರಲಿ ಎಂದು ಹೆಂಡತಿ ಹೇಳಿದರೂ ಕೇಳುವುದಿಲ್ಲ. ರಾತ್ರಿಯಿಡೀ ತಾನೇ ಎದ್ದಿದ್ದು ಅಡುಗೆಯ ಉಸ್ತುವಾರಿಗೆ ನಿಲ್ಲುತ್ತಾನೆ. (ಮದುವೆ ಮನೆಯ ಯಜಮಾನಿಕೆ ಮಾಡಿದವರಿಗೆ ಈ ಉತ್ಸಾಹ ಪರಿಚಿತವೇ.) ಈ ಮದುವೆಯನ್ನು ತಪ್ಪಿಸಲೆಂದು, ಗುಟ್ಟಿನ ಮದುವೆ ಮಾಡಿಸಿದ್ದ ಪಾದ್ರಿ ಲಾರೆನ್ಸ್ ಜೂಲಿಯೆಟ್‌ಗೆ 42 ಗಂಟೆ ಸತ್ತಂತೆ ಮಲಗಿಸುವ ಮದ್ದು ಕೊಟ್ಟಿದ್ದ; ಅವಳು ಗೋರಿಯಲ್ಲಿ ಎಚ್ಚರಗೊಳ್ಳುವ ಹೊತ್ತಿಗೆ ಬಂದು ಕರೆದೊಯ್ಯುವಂತೆ ರೋಮಿಯೋಗೆ ಪತ್ರ ಕಳಿಸುವುದು ಅವನ ಉಪಾಯ. ಬುಧವಾರ ರಾತ್ರಿ ಕುಡಿಯಬೇಕಾಗಿದ್ದ ಆ ಮದ್ದನ್ನು ಜೂಲಿಯೆಟ್ ಮಂಗಳವಾರ ರಾತ್ರಿಯೇ ಕುಡಿಯುವಂತಾದದ್ದು ಇದರಿಂದ. ಗಡಿಪಾರಾಗಿ ಮಾಂಟುವಾ ನಗರದಲ್ಲಿದ್ದ ರೋಮಿಯೋಗೆ ಪತ್ರ ತಲುಪಿಸಲು ಇದ್ದ ಕಾಲಾವಕಾಶದಲ್ಲಿ ಒಂದು ಇಡೀ ದಿನ ಹೀಗೆ ಕೈಬಿಟ್ಟಿತು.

ವಿಧಿಗೂ ಪಾಲಿಲ್ಲವೆಂದಲ್ಲ. ಪತ್ರ ಒಯ್ದ ಸನ್ಯಾಸಿ, ಪ್ಲೇಗಿನ ಶಂಕೆಯಿಂದ ಬಾಗಿಲು ಮುದ್ರೆಯಾದ ಮನೆಯೊಂದರಲ್ಲಿ ಸಿಕ್ಕಿಬೀಳುತ್ತಾನೆ; ಅದು ಯಾರ ತಪ್ಪೂ ಅಲ್ಲ. ಆದರೆ ಜೂಲಿಯೆಟ್ ಸತ್ತಳೆಂಬ ಸುದ್ದಿ ತಂದ ಆಳನ್ನು ರೋಮಿಯೋ ಕೇಳುವುದನ್ನು ಗಮನಿಸಿ: ಪಾದ್ರಿಗಳಿಂದ ಪತ್ರವೇನಾದರೂ ಇದೆಯೇ? ಇಲ್ಲವೆಂಬ ಉತ್ತರ ಬರುತ್ತದೆ. ಹೋಗಲಿ ಬಿಡು ಎಂದವನೇ ಕುದುರೆ ಗೊತ್ತುಮಾಡಲು ಅವನನ್ನು ಅಟ್ಟಿ, 40 ಡ್ಯುಕಾಟ್ (ಆಗಿನ ಚಿನ್ನದ ನಾಣ್ಯ) ತೆತ್ತು ವಿಷ ಕೊಳ್ಳುತ್ತಾನೆ. ಕೇಳಬೇಕಾದ ಪ್ರಶ್ನೆ ಅವನ ಬಾಯಿಗೆ ಬಂದಿತ್ತು, ಉತ್ತರಕ್ಕಾಗಿ ಕಾಯುವ ತಾಳ್ಮೆ ಮಾತ್ರ ಇರಲಿಲ್ಲ.

ಪಾದ್ರಿ ಲಾರೆನ್ಸ್‌ನದು ಇನ್ನೊಂದು ಬಗೆ. ನಿಧಾನವಾಗಿ ನಡೆ, ಓಡುವವರು ಎಡವುತ್ತಾರೆ ಎಂದು ರೋಮಿಯೋಗೆ ಬುದ್ಧಿ ಹೇಳಿದವನು, ಎರಡು ಮನೆತನಗಳ ಹಗೆ ಇದರಿಂದಲಾದರೂ ತಣಿದೀತೆಂಬ ಆಸೆಯಿಂದ ಅದೇ ಮಧ್ಯಾಹ್ನ ಅವರ ಮದುವೆ ಮಾಡಿಸಿಬಿಡುತ್ತಾನೆ. ಕೊನೆಯ ಅಂಕದಲ್ಲಿ ಅವನು ಲಾಂದ್ರ, ಹಾರೆ, ಗುದ್ದಲಿ ಹಿಡಿದು ಕತ್ತಲಲ್ಲಿ ಸ್ಮಶಾನಕ್ಕೆ ಧಾವಿಸಿ ಬರುವಾಗ, ಈ ರಾತ್ರಿ ನನ್ನ ಮುದಿಗಾಲುಗಳು ಗೋರಿಗಳಿಗೆ ಎಷ್ಟು ಸಲ ಎಡವಿದವೋ ಎಂದು ಹಲುಬುತ್ತಾನೆ. ಹೊರಗೆ ಕಾದಿದ್ದ ಆಳನ್ನು, ರೋಮಿಯೋ ಒಳಗೆ ಹೋಗಿ ಎಷ್ಟು ಹೊತ್ತಾಯಿತೆಂದು ವಿಚಾರಿಸುತ್ತಾನೆ. ಪೂರ್ತಿ ಅರ್ಧ ಗಂಟೆ ಎನ್ನುತ್ತಾನೆ ಆಳು.