ಪ್ರತಿಕ್ರಿಯೆ: ಎಂ.ಎ. ಪ್ರಬಂಧವನ್ನೇ ಹಿಗ್ಗಿಸಿ ಪಿಎಚ್.ಡಿ. ಮಾಡಬಹುದಾ?

ಎಂ.ಎ. ಪ್ರಬಂಧವನ್ನೇ ಹಿಗ್ಗಿಸಿ ಪಿಎಚ್.ಡಿ.ಗೆ ಪ್ರಸ್ತಾವ ಕೊಟ್ಟೆ, ವಾಪಸ್ ಬಂತು, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಪ್ರಸ್ತಾವದಲ್ಲಿ ಸಂಶೋಧನೆಯ ಪ್ರಶ್ನೆಯೇ ಇಲ್ಲ. ಬಹುಶಃ ಅದಕ್ಕೇ 'ಇದು ಎಂ.ಎ. ಮಟ್ಟದ್ದು' ಅಂತ ವಾಪಸ್ ಬಂದಿದೆ. ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಕನ್ನಡದಲ್ಲಿ ಸೇರಿಕೊಂಡ ಮಲಯಾಳ ಪದಗಳ ಪಟ್ಟಿ ಎಂ.ಎ.ಗೆ ಸಾಕಿತ್ತು. ಅಲ್ಲಿ ನೋಡುವುದು ನಿಮಗೆ ಸಂಶೋಧನೆಯ ವಿಧಾನ ಬರುತ್ತದಾ ಅಂತ. ಪಿಎಚ್.ಡಿ.ಯಲ್ಲಿ ಈವರೆಗೆ ಯಾರೂ ಹೇಳದ ಒಂದು ಮಾತನ್ನು ಆಧಾರ ಕೊಟ್ಟು ಸಾಧಿಸಬೇಕು. ಸುಮ್ನೆ ಪುಟ ಜಾಸ್ತಿ ಮಾಡಿದರೆ ಆಗಲ್ಲ. ನಾನೂ ಮೊದಲು ಅದನ್ನೇ ಮಾಡಿ ಗೈಡ್ ಹತ್ತಿರ ಬೈಸಿಕೊಂಡಿದ್ದೆ.

ಮೊದಲು ಶೋಧಗಂಗಾದಲ್ಲಿ (ಭಾರತದ ಪಿಎಚ್.ಡಿ. ಪ್ರಬಂಧಗಳು ಸಿಗುವ ಜಾಲತಾಣ) ಕಾಸರಗೋಡಿನ ಭಾಷೆಯ ಬಗ್ಗೆ ಬಂದ ಪ್ರಬಂಧಗಳನ್ನು ಹುಡುಕಿ. ಕೊನೆಯ ಅಧ್ಯಾಯದಿಂದ ಓದಲು ಶುರು ಮಾಡಿ. ಮುಂದೆ ಏನು ಮಾಡಬಹುದು ಅಂತ ಎಷ್ಟೋ ಸಲ ಅವರೇ ಬರೆದಿರುತ್ತಾರೆ.

ಆಮೇಲೆ ಪಟ್ಟಿಯನ್ನು 'ಯಾಕೆ' ಕಡೆಗೆ ತಿರುಗಿಸಿ. ತುಳು ಮನೆಮಾತಿನವರೂ ಹವ್ಯಕರೂ ಮಲಯಾಳ ಪದಗಳನ್ನು ಒಂದೇ ರೀತಿ ತೆಗೆದುಕೊಳ್ಳುತ್ತಾರಾ? ಶಾಲೆಯ ಮಾಧ್ಯಮದಿಂದ ಅದು ಬದಲಾಗುತ್ತದಾ? ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ; ಅದಕ್ಕೆ ಮೊದಲೇ ಶಾಲೆಗೆ ಹೋದ ಅಜ್ಜ ಅಜ್ಜಿಯರ ಮಾತನ್ನು ಈಗಲೇ ರೆಕಾರ್ಡ್ ಮಾಡಿಕೊಳ್ಳಿ, ಅದಕ್ಕೆ ಕಾಯುವ ಹಾಗಿಲ್ಲ. ಹಳೆ ಪಟ್ಟಿ ಬಿಸಾಡಬೇಡಿ, ಒಂದು ಅಧ್ಯಾಯಕ್ಕೆ ಸಾಮಗ್ರಿಯಾಗುತ್ತದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6. ಅಷ್ಟರಲ್ಲಿ ಮುಗಿಯುವಂಥ ಒಂದೇ ಪ್ರಶ್ನೆ ಆರಿಸಿ, ಎರಡು ಪುಟ ಬರೆದು ಗೈಡಿಗೆ ತೋರಿಸಿ.