ಹುಟ್ಟುಹಬ್ಬದ ಫೋಟೊದಲ್ಲಿದ್ದ ಬಿಳಿ ಚುಕ್ಕೆ

(ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಸುಮಾ ಬಂದು ಕೂತವರು ಮಾತೇ ಆಡಲಿಲ್ಲ. ಫೋನ್ ತೆಗೆದು ಮಗಳ ಫೋಟೊಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾ ಹೋದರು. ಮೊದಲ ಹುಟ್ಟುಹಬ್ಬದ ಫೋಟೊ ಬಂದಾಗ ಬೆರಳು ನಿಂತಿತು. ಕೇಕಿನ ಮುಂದೆ ಮಗು. ಫ್ಲ್ಯಾಶ್ ಬಿದ್ದು ಬಲಗಣ್ಣಿನ ಪಾಪೆ ಕೆಂಪಾಗಿದೆ. ಎಡಗಣ್ಣಿನದು ಬಿಳಿ, ಸುಣ್ಣದ ಚುಕ್ಕೆ ಇಟ್ಟ ಹಾಗೆ.

"ಇಲ್ಲೇ ಇತ್ತು ಮೇಡಂ. ಇದಕ್ಕೂ ಮುಂಚೆ ಇತ್ತಾ ಅಂತ ದಿನಾ ರಾತ್ರಿ ಹುಡುಕ್ತೀನಿ."

ಮಗುವಿಗೆ ಈಗ ಎರಡು ವರ್ಷ. ರೆಟಿನೋಬ್ಲಾಸ್ಟೋಮಾ, ಅಂದರೆ ಕಣ್ಣಿನ ಒಳಪದರದ ಕ್ಯಾನ್ಸರ್. ಎಡಗಣ್ಣು ತೆಗೆದು ಒಂದು ತಿಂಗಳಾಗಿತ್ತು. ಸುಮಾ ಮತ್ತೆ ಐದು ತಿಂಗಳ ಬಸುರಿ.

ಸಂಜೆ ಹೊತ್ತು ಮಗುವಿನ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವುದನ್ನು ಇವರು ನೋಡಿದ್ದರು. ವೈದ್ಯರಿಗೂ ಹೇಳಿದ್ದರು. ಕಣ್ಣು ಸ್ವಲ್ಪ ವಾಲಿತ್ತು ಕೂಡ. "ಮೆಳ್ಳೆಗಣ್ಣು ಅಷ್ಟೆ, ಬೆಳೀತಾ ಸರಿಹೋಗುತ್ತೆ" ಅಂದರಂತೆ. ಮೆಳ್ಳೆಗಣ್ಣು ಅದೃಷ್ಟ ಅಂತ ಅತ್ತೆಯೂ ಸಮಾಧಾನ ಹೇಳಿದರು. ಎಂಟು ತಿಂಗಳು ಹೋಯಿತು.

ಇಂಥ ಎಂಟು ತಿಂಗಳ ಕಥೆ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಎಷ್ಟೋ ವೈದ್ಯರು ಇದನ್ನು ಒಮ್ಮೆಯೂ ಕಂಡಿರುವುದಿಲ್ಲ, ಒಪ್ಪುತ್ತೇನೆ. ಆದರೆ ಮೊದಲ ಪರೀಕ್ಷೆಗೆ ಒಂದು ನಿಮಿಷ ಸಾಕು. ಕೋಣೆಯ ದೀಪ ಆರಿಸಿ, ಆಫ್ತಾಲ್ಮೋಸ್ಕೋಪಿನ (ಕಣ್ಣಿನ ಒಳಗೆ ನೋಡುವ ಪುಟ್ಟ ಉಪಕರಣ) ಬೆಳಕನ್ನು ಮೊಳದಷ್ಟು ದೂರದಿಂದ ಎರಡೂ ಪಾಪೆಗೆ ಬಿಡಬೇಕು. ಎರಡೂ ಒಂದೇ ಥರ ಕೆಂಪಗೆ ಕಾಣಬೇಕು. ಒಂದು ಬಿಳಿಯೋ ಮಂಕೋ ಆದರೆ, ಅಥವಾ ಮೆಳ್ಳೆಯಿದ್ದರೆ, ಕಾಯದೆ ಕಣ್ಣಿನ ತಜ್ಞರ ಹತ್ತಿರ ಕಳಿಸಬೇಕು. ಅವರು ಔಷಧಿ ಹಾಕಿ ಪಾಪೆ ಹಿಗ್ಗಿಸಿ ಒಳಗೆ ನೋಡುತ್ತಾರೆ. ಬಿಳಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಪೊರೆಯೂ ಇರಬಹುದು. ಅದಕ್ಕೂ ಬೇಗ ಚಿಕಿತ್ಸೆ ಬೇಕು. ಗೆಡ್ಡೆ ಚಿಕ್ಕದಿದ್ದಾಗಲೇ ಸಿಕ್ಕರೆ ಲೇಸರ್, ಗೆಡ್ಡೆಯನ್ನು ಹೆಪ್ಪುಗಟ್ಟಿಸುವ ಶೀತ ಚಿಕಿತ್ಸೆ, ಕೀಮೋಥೆರಪಿಯಿಂದ ಎಷ್ಟೋ ಕಣ್ಣು ಉಳಿಯುತ್ತವೆ.

ಸ್ವಲ್ಪ ಹೊತ್ತಾದ ಮೇಲೆ ಸುಮಾ ಮೆಲ್ಲಗೆ ಹೇಳಿದರು: "ಇವಳು ಹೊಟ್ಟೇಲಿದ್ದಾಗ ಗ್ರಹಣದ ದಿನ ಬಟ್ಟೆ ತೆಗೆಯೋಕೆ ಹೊರಗೆ ಹೋಗಿದ್ದೆ."

ಗಂಡ ತಲೆ ತಗ್ಗಿಸಿದರು. ಮನೆಯಲ್ಲಿ ಈ ಮಾತು ಆಗಲೇ ಬಂದುಹೋಗಿತ್ತು ಅಂತ ಕಾಣುತ್ತದೆ.

ಇಬ್ಬರಿಗೂ ಹೇಳಿದೆ: "ಗ್ರಹಣದಿಂದ ಇದು ಬರಲ್ಲ. ಆರ್‌ಬಿ1 ಅನ್ನೋ ಜೀನ್ ಕೆಟ್ಟು ಬರುತ್ತೆ. ನೀವು ಏನೇ ಮಾಡಿದ್ರೂ ತಡೆಯೋಕೆ ಆಗ್ತಿರಲಿಲ್ಲ. ಅತ್ತೆಯವರನ್ನೂ ಒಂದು ದಿನ ಕರ್ಕೊಂಡು ಬನ್ನಿ, ನಾನೇ ಹೇಳ್ತೀನಿ."

ಒಂದೇ ಕಣ್ಣಿಗೆ ಬಂದರೆ ಹೆಚ್ಚಾಗಿ ವಂಶದ್ದಲ್ಲ, ಆದರೂ ಕೆಲವರಲ್ಲಿ ಇರುತ್ತದೆ. ಅದಕ್ಕೆ ಮಗಳ ರಕ್ತದ ಜೀನ್ ಪರೀಕ್ಷೆ ಮಾಡಿಸಿ, ನಿಮ್ಮಿಬ್ಬರ ಕಣ್ಣೂ ತೋರಿಸಿ ಅಂದೆ. ಹುಟ್ಟುವ ಮಗುವಿನ ಕಣ್ಣನ್ನು ಮೊದಲ ವಾರದಲ್ಲೇ ನೋಡಿಸಬೇಕು. ಮಗಳ ಬಲಗಣ್ಣಿನ ತಪಾಸಣೆ ಒಂದನ್ನೂ ತಪ್ಪಿಸಬಾರದು.

ಫೋಟೊಗಳ ಬಗ್ಗೆ ಅವರೇ ಕೇಳಿದರು. "ಅಳಿಸಬೇಡಿ. ರಾತ್ರಿ ಹುಡುಕೋದು ಮಾತ್ರ ಬಿಡಿ. ಆ ಒಂದು ಫೋಟೊನ ಮೊದಲು ನೋಡಿದ ವೈದ್ಯರಿಗೆ ತೋರಿಸಿ. ಜಗಳಕ್ಕಲ್ಲ, ಅವರಿಗೆ ಗೊತ್ತಾಗಬೇಕು."

ಇಬ್ಬರೂ ಹೋಗಿದ್ದರು. ವೈದ್ಯರು ಫೋಟೊವನ್ನು ಬಹಳ ಹೊತ್ತು ನೋಡಿ, ಕ್ಷಮೆ ಕೇಳಿ, ನರ್ಸ್‌ಗಳಿಗೂ ತೋರಿಸುತ್ತೇನೆ ಅಂತ ಕಳಿಸಿಕೊಂಡರಂತೆ.

ಗಂಡು ಮಗು ಹುಟ್ಟಿದೆ. ನಾಲ್ಕನೇ ದಿನ ಕಣ್ಣು ನೋಡಿಸಿದರು. ಎರಡೂ ಸರಿಯಿವೆ. ಮುಂದಿನ ತಿಂಗಳು ಮತ್ತೆ ಹೋಗಬೇಕು.