ಮಗಳಿಗೆ ನಾಣ್ಯಗಳ ನಂಟು

ಪ್ರಶ್ನೆ: ನಾನು ಬಹುಕಾಲದಿಂದ ಹಳೆಯ ನಾಣ್ಯಗಳನ್ನು ಸಂಗ್ರಹಿಸುತ್ತಿದ್ದೇನೆ. 9 ವರ್ಷದ ಮಗಳಿಗೂ ಇದರಲ್ಲಿ ಆಸಕ್ತಿ ಮೂಡಿಸಲು ಎಲ್ಲಿಂದ ಆರಂಭಿಸಲಿ?

ಉತ್ತರ: ಬೆಲೆಬಾಳುವವುಗಳನ್ನು ಸದ್ಯಕ್ಕೆ ಬದಿಗಿರಿಸಿ, ದಿನಸಿ ಅಂಗಡಿಯ ಚಿಲ್ಲರೆಯಿಂದಲೇ ಆರಂಭಿಸಿರಿ. ಇಸವಿಯ ಕೆಳಗೆ ಸಾಮಾನ್ಯವಾಗಿ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆಯದೆಂದು ತಿಳಿದ ಮಗು ಭೂತಗನ್ನಡಿ ಹಿಡಿದು ತಾನಾಗಿಯೇ ಹುಡುಕತೊಡಗುತ್ತದೆ. ಆಮೇಲೆ 1957ರಲ್ಲಿ ದಶಮಾಂಶ ಪದ್ಧತಿಯೊಡನೆ ಬಂದ ನಯಾ ಪೈಸೆಯನ್ನು ತೋರಿಸಿ, ಅದಕ್ಕೂ ಹಿಂದೆ ರೂಪಾಯಿಗೆ 16 ಆಣೆಗಳಿದ್ದ ಲೆಕ್ಕವನ್ನು ಮಾಡಿಸಬಹುದು. ಟಿಪ್ಪುವಿನ ಕಾಲದ, ಆನೆಯ ಚಿತ್ರವಿರುವ ತಾಮ್ರದ ನಾಣ್ಯ ನಿಮ್ಮಲ್ಲಿದ್ದರಂತೂ ಹೆಚ್ಚು ಹೇಳಬೇಕಾಗಿಯೇ ಇಲ್ಲ. ಹುಣಸೆಹಣ್ಣು ಹಚ್ಚಿ ಉಜ್ಜುವ ಉತ್ಸಾಹವನ್ನು ಮಾತ್ರ ತಡೆಯಿರಿ, ಏಕೆಂದರೆ ಹಾಗೆ ಉಜ್ಜಿದ ನಾಣ್ಯದ ಬೆಲೆ ಸಂಗ್ರಹಕಾರರ ದೃಷ್ಟಿಯಲ್ಲಿ ಇಳಿಯುತ್ತದೆ.